ಸಂಪುಟ ಆರು ಅಂದರೆ ಯಾವ ಆರು?

ಕಳಸದ ಶಾಸನಗಳ ಬಗ್ಗೆ ಕಿರುಪ್ರಬಂಧ ಬರೆಯುವ ಎಂ.ಎ. ವಿದ್ಯಾರ್ಥಿಯೊಬ್ಬ ಅಡಿಟಿಪ್ಪಣಿಯಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ, ಸಂಪುಟ 6’ ಎಂದಷ್ಟೇ ಬರೆದು ಮುಂದೆ ಹೋದ ಎಂದುಕೊಳ್ಳಿ. ಅವನ ಮನಸ್ಸಿನಲ್ಲಿರುವುದು ಬಿ.ಎಲ್. ರೈಸ್ 1901ರಲ್ಲಿ ಹೊರತಂದ ಕಡೂರು ಜಿಲ್ಲೆಯ ಸಂಪುಟ. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಆಗ ಅದೇ ಹೆಸರು. ಕಳಸದ ಶಾಸನಗಳು ಅದರಲ್ಲಿ ಮೂಡಿಗೆರೆ ತಾಲ್ಲೂಕಿನ ಭಾಗದಲ್ಲಿವೆ. ಪ್ರಬಂಧ ಓದಿದವರೊಬ್ಬರು ಪರಿಶೀಲಿಸೋಣವೆಂದು ಗ್ರಂಥಾಲಯಕ್ಕೆ ಹೋಗಿ, ಮೈಸೂರು ವಿಶ್ವವಿದ್ಯಾಲಯ ಪ್ರಕಟಿಸಿದ ಪರಿಷ್ಕೃತ ಆವೃತ್ತಿಯ ಆರನೇ ಸಂಪುಟ ತೆರೆದರೆ ಅಲ್ಲಿ ಕಾಣುವುದು ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣದ ಶಾಸನಗಳು. ಭದ್ರೆಯ ದಂಡೆಯ ಕಳಸೇಶ್ವರನನ್ನು ಹುಡುಕಿಕೊಂಡು ಹೊರಟವರು ಕಾವೇರಿಯ ದಂಡೆಗೆ ಹೋಗಿ ನಿಂತಂತಾಯಿತು. ಸಂಪಾದಕರ ಹೆಸರು, ವರ್ಷ, ಆವೃತ್ತಿ ಎಂಬ ಮೂರು ಸಣ್ಣ ವಿವರ ಬಿಟ್ಟುಹೋದದ್ದರ ಫಲ ಇದು.

ಇಂಥ ವಿವರಗಳನ್ನು ಒಂದೆಡೆ ಕೂಡಿಟ್ಟು, ಬೇಕಾದಾಗ ಬೇಕಾದ ರೂಪದಲ್ಲಿ ತೆಗೆದುಕೊಡಲೆಂದೇ ಸಾಫ್ಟ್‌ವೇರ್‌ಗಳಿವೆ. ರೆಫರೆನ್ಸ್ ಮ್ಯಾನೇಜರ್ ಎಂದು ಕರೆಯುತ್ತಾರೆ. ಜೊಟೆರೊ, ಮೆಂಡೆಲಿ, ಎಂಡ್‌ನೋಟ್ ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಹೆಸರುಗಳು. ಇವನ್ನು ಕಲಿಸುವುದು ಈಗ ಕಾಲೇಜು ಗ್ರಂಥಾಲಯಗಳ ಕೆಲಸದ ಭಾಗ. ಆದರೆ ಕಲಿಸುವುದು ಏನನ್ನು, ಯಾವಾಗ, ಯಾರಿಗೆ? ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಹೊತ್ತಿಗೆ ಒಂದು ದಿನದ ಕಾರ್ಯಾಗಾರ ಮಾಡಿ, ಗುಂಡಿಗಳನ್ನು ತೋರಿಸಿ, ಪ್ರಮಾಣಪತ್ರ ಹಂಚಿದರೆ ಸಾಕೇ? ಸಾಲದು ಎಂಬುದು ಈ ಬರಹದ ವಾದ.

ನಿಯಮದಲ್ಲೇ ಇರುವ ಮಾತು

ಉನ್ನತ ಶಿಕ್ಷಣದಲ್ಲಿ ಕೃತಿಚೌರ್ಯ ತಡೆಯಲು ಯುಜಿಸಿ 2018ರಲ್ಲಿ ನಿಯಮಾವಳಿ ತಂದಿತು. ಅದರ ದಂಡನೆಯ ಭಾಗ ಎಲ್ಲರಿಗೂ ಬಾಯಿಪಾಠ. ಹೋಲಿಕೆ ಶೇ 10ರವರೆಗಿದ್ದರೆ ದಂಡವಿಲ್ಲ. ಶೇ 10ರಿಂದ 40ರವರೆಗಿದ್ದರೆ ಆರು ತಿಂಗಳೊಳಗೆ ತಿದ್ದಿ ಮತ್ತೆ ಸಲ್ಲಿಸಬೇಕು. ಶೇ 40ರಿಂದ 60ರವರೆಗಿದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. ಅದಕ್ಕೂ ಮೇಲೆ ಹೋದರೆ ನೋಂದಣಿಯೇ ರದ್ದು. ಸಂಶೋಧನಾ ವಿದ್ಯಾರ್ಥಿಗಳು ನಿದ್ದೆಗೆಡುವುದು ಈ ಅಂಕಿಗಳಿಗಾಗಿ.

ಅದೇ ನಿಯಮಾವಳಿಯಲ್ಲಿ, ದಂಡನೆಗಿಂತ ಮೊದಲು, ಅರಿವು ಮತ್ತು ತರಬೇತಿಯ ಭಾಗವೊಂದಿದೆ. ವಿದ್ಯಾರ್ಥಿಗಳು, ಅಧ್ಯಾಪಕರು, ಸಂಶೋಧಕರು, ಸಿಬ್ಬಂದಿ ಎಲ್ಲರಿಗೂ ಕೃತಿಚೌರ್ಯ ಪತ್ತೆಮಾಡುವ ಸಾಧನಗಳ ಜೊತೆಗೆ ಆಕರ ನಿರ್ವಹಣೆಯ ಸಾಧನಗಳ ಬಳಕೆಯಲ್ಲೂ ತರಬೇತಿ ಕೊಡಬೇಕು ಎಂದು ಅಲ್ಲಿ ಹೇಳಿದೆ. ಒಂದೇ ವಾಕ್ಯದಲ್ಲಿ ಎರಡು ಹೊಣೆ. ಮೊದಲನೆಯದನ್ನು ವಿಶ್ವವಿದ್ಯಾಲಯಗಳು ಗಟ್ಟಿಯಾಗಿ ಹಿಡಿದುಕೊಂಡವು. ಶೇಕಡಾವಾರು ವರದಿ ಇಲ್ಲದೆ ಪ್ರಬಂಧ ಒಳಗೇ ಹೋಗುವುದಿಲ್ಲ. ಎರಡನೆಯದಕ್ಕೆ ಅಷ್ಟು ಕಾವಲಿಲ್ಲ. ಕಳ್ಳತನ ಹಿಡಿಯುವ ಯಂತ್ರಕ್ಕೆ ಸಿಕ್ಕ ಮರ್ಯಾದೆ, ಕಳ್ಳತನವೇ ಆಗದಂತೆ ಲೆಕ್ಕ ಇಡುವ ಪುಸ್ತಕಕ್ಕೆ ಸಿಕ್ಕಿಲ್ಲ.

ಎಷ್ಟೋ ಕೃತಿಚೌರ್ಯ ದುರುದ್ದೇಶದಿಂದ ಆಗುವುದಲ್ಲ. ಎರಡು ವರ್ಷದ ಹಿಂದೆ ನೋಟ್‌ಬುಕ್ಕಿಗೆ ಇಳಿಸಿಕೊಂಡ ಸಾಲು ತನ್ನದೋ ಓದಿದ್ದೋ ಎಂದು ಬರೆಯುವ ಹೊತ್ತಿಗೆ ಮರೆತುಹೋಗಿರುತ್ತದೆ. ಪುಟಸಂಖ್ಯೆ ಬರೆದಿರುವುದಿಲ್ಲ. ಪುಸ್ತಕ ಶಂಕರಘಟ್ಟದ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ, ವಿದ್ಯಾರ್ಥಿ ಮಳೆಗಾಲದ ಕಳಸದಲ್ಲಿದ್ದಾನೆ. ಆಗ ಆಕರವನ್ನೇ ಕೈಬಿಟ್ಟು ಸಾಲನ್ನು ಉಳಿಸಿಕೊಳ್ಳುವ ಆಸೆ ಹುಟ್ಟುತ್ತದೆ. ಓದುವಾಗಲೇ ದಾಖಲೆ ಇಟ್ಟಿದ್ದರೆ ಈ ಸಂಕಟವೇ ಇರುತ್ತಿರಲಿಲ್ಲ.

ಕೆಲಸ ಮಾಡುವ ಬಗೆ

ಇನ್ನೂ ಬಳಸದವರಿಗಾಗಿ ಜೊಟೆರೊವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸ ಮತ್ತು ಹೊಸ ಮಾಧ್ಯಮ ಕೇಂದ್ರದಿಂದ 2006ರಲ್ಲಿ ಹೊರಬಂದ ಉಚಿತ, ಮುಕ್ತ ತಂತ್ರಾಂಶ ಇದು. ಇದರಲ್ಲಿ ಮೂರು ಅಂಗಗಳಿವೆ. ಕಂಪ್ಯೂಟರಿನಲ್ಲಿ ಕೂರುವ ಮುಖ್ಯ ತಂತ್ರಾಂಶ, ಬ್ರೌಸರಿಗೆ ಅಂಟಿಕೊಳ್ಳುವ ಕನೆಕ್ಟರ್, ವರ್ಡ್ ಅಥವಾ ಲಿಬ್ರೆಆಫೀಸ್‌ನೊಳಗೆ ಬರುವ ಪ್ಲಗಿನ್.

ಪರದೆಯ ಮೇಲೆ ಒಂದು ಸಂಶೋಧನಾ ಲೇಖನ ತೆರೆದಿದ್ದೀರಿ. ಬ್ರೌಸರಿನ ಮೂಲೆಯಲ್ಲಿ ಪುಟದ ಆಕಾರದ ಸಣ್ಣ ಚಿಹ್ನೆ ಕಾಣುತ್ತದೆ. ಪುಸ್ತಕವಾದರೆ ಪುಸ್ತಕದ ಚಿಹ್ನೆ. ಹುಡುಕಾಟದ ಪಟ್ಟಿಯಾದರೆ ಫೋಲ್ಡರಿನ ಚಿಹ್ನೆ. ಒತ್ತಿದರೆ ಲೇಖಕರು, ಶೀರ್ಷಿಕೆ, ಪತ್ರಿಕೆ, ಸಂಪುಟ, ಪುಟ, ವರ್ಷ ಎಲ್ಲ ನಿಮ್ಮ ಸಂಗ್ರಹಕ್ಕೆ ಬಂದು ಕೂರುತ್ತವೆ. ಸಾಧ್ಯವಿದ್ದಲ್ಲಿ ಪಿಡಿಎಫ್ ಕೂಡ ಬರುತ್ತದೆ. ಪುಸ್ತಕ ಕೈಯಲ್ಲಿದ್ದರೆ ಅದರ ಐಎಸ್‌ಬಿಎನ್ ಸಂಖ್ಯೆ, ಲೇಖನವಾದರೆ ಡಿಒಐ ಸಂಖ್ಯೆ ಕೊಟ್ಟರೂ ಆದೀತು. ಆಮೇಲೆ ಬರೆಯಲು ಕೂತಾಗ ಬೇಕಾದ ಜಾಗದಲ್ಲಿ ಉಲ್ಲೇಖ ಸೇರಿಸಿದರೆ ಕೊನೆಯ ಆಕರ ಪಟ್ಟಿ ತಾನಾಗಿ ಸಿದ್ಧ. ಒಂದು ಪತ್ರಿಕೆ ಎಪಿಎ ಶೈಲಿ ಕೇಳಿತು, ಇನ್ನೊಂದು ವ್ಯಾಂಕೂವರ್ ಕೇಳಿತು ಎಂದರೆ ಶೈಲಿಯ ಹೆಸರು ಬದಲಿಸಿದರೆ ಮುಗಿಯಿತು. ಇಡೀ ಪಟ್ಟಿ ಹೊಸ ರೂಪ ತಳೆಯುತ್ತದೆ. ಇದರ ಹಿಂದೆ ಸಿಎಸ್‌ಎಲ್ ಎಂಬ ಶೈಲಿ ಭಾಷೆಯಿದೆ. ಅದರಲ್ಲಿ ಬರೆದಿಟ್ಟ 10,000ಕ್ಕೂ ಹೆಚ್ಚು ಶೈಲಿಗಳು ಉಚಿತವಾಗಿ ಸಿಗುತ್ತವೆ.

ಒಮ್ಮೆ ಸಂಗ್ರಹಕ್ಕೆ ಬಂದದ್ದನ್ನು ಓದಲು, ಬಳಸಲು ಇಂಟರ್ನೆಟ್ ಬೇಕಿಲ್ಲ. ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬುವಂತಿಲ್ಲದ ಮಲೆನಾಡಿನ ಹಳ್ಳಿಗಳಲ್ಲಿ ಇದು ಸಣ್ಣ ಅನುಕೂಲವಲ್ಲ.

ಇಷ್ಟನ್ನು ಒಂದು ಗಂಟೆಯಲ್ಲಿ ತೋರಿಸಬಹುದು. ಹೆಚ್ಚಿನ ಕಾರ್ಯಾಗಾರಗಳು ಇಲ್ಲಿಗೇ ಮುಗಿಯುವುದೂ ಹೌದು. ನಿಜವಾದ ಪಾಠ ಶುರುವಾಗುವುದು ಇದರ ನಂತರ.

ಕೋಲ್ಮನ್ ಬುಲೆಟಿನ್ ಎಂಬ ಪರೀಕ್ಷೆ

2022ರಲ್ಲಿ ಅಡಿಕೆಗೆ ಎಲೆಚುಕ್ಕಿ ರೋಗ ಬಂದು ಕಳಸ, ಹೊರನಾಡು, ಶೃಂಗೇರಿ, ಕೊಪ್ಪ ಸುತ್ತಿನ ತೋಟಗಳು ಸೊರಗಿದ್ದು ಎಲ್ಲರಿಗೂ ನೆನಪಿದೆ. ಮೂಡಿಗೆರೆಯ ತೋಟಗಾರಿಕೆ ಕಾಲೇಜಿನಂಥ ಕಡೆ ಓದುವ ಒಬ್ಬ ವಿದ್ಯಾರ್ಥಿನಿ ಅಡಿಕೆಯ ರೋಗಗಳನ್ನು ಕುರಿತು ಬರೆಯಲು ಹೊರಟಳು ಎಂದು ಊಹಿಸಿಕೊಳ್ಳಿ. ಹಿಂದಿನ ಅಧ್ಯಯನಗಳ ವಿಮರ್ಶೆಗೆ ಕೂತರೆ ಅವಳು ಮೊದಲು ಎದುರಾಗಬೇಕಾದ ಹೆಸರು ಲೆಸ್ಲಿ ಕೋಲ್ಮನ್. ಕೆನಡಾದ ಈ ವಿಜ್ಞಾನಿ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದು, ಅಡಿಕೆಯ ಕೊಳೆರೋಗದ ಮೇಲೆ 1910ರಲ್ಲಿ ಬುಲೆಟಿನ್ ಪ್ರಕಟಿಸಿದರು. ಕೊನೆಗಾರರು ಇವತ್ತಿಗೂ ಮಳೆಗೆ ಮುಂಚೆ ಮರವೇರಿ ಗೊನೆಗಳಿಗೆ ಹೊಡೆಯುವ ಬೋರ್ಡೋ ದ್ರಾವಣದ ಪದ್ಧತಿ ಇಲ್ಲಿ ನೆಲೆಗೊಂಡದ್ದು ಅವರ ಕೆಲಸದಿಂದ. ಬಾಳೆಹೊನ್ನೂರಿನ ಬಳಿ 1925ರಲ್ಲಿ ಕಾಫಿ ಸಂಶೋಧನಾ ಕೇಂದ್ರ ಆರಂಭವಾದುದರ ಹಿಂದೆಯೂ ಅವರೇ ಇದ್ದರು.

ಈ ಬುಲೆಟಿನ್‌ಗೆ ಡಿಒಐ ಇಲ್ಲ, ಐಎಸ್‌ಬಿಎನ್ ಇಲ್ಲ. ಬ್ರೌಸರಿನ ಚಿಹ್ನೆ ಒತ್ತಿದರೆ ಉಪಯೋಗಕ್ಕೆ ಬರುವಂಥದು ಸಿಗುವುದು ಅಪರೂಪ. ಹಾಗಾಗಿ ಅವಳು ಕೈಯಾರೆ ತುಂಬಬೇಕು. ಮೊದಲ ಪ್ರಶ್ನೆ: ಇದು ಪುಸ್ತಕವೋ, ಪತ್ರಿಕೆಯ ಲೇಖನವೋ, ವರದಿಯೋ? ಇಲಾಖೆ ಹೊರತಂದ ಸರಣಿಯ ಒಂದು ಸಂಚಿಕೆ; ಆದ್ದರಿಂದ ‘ವರದಿ’. ಎರಡನೆಯದು: ಪ್ರಕಾಶಕರು ಯಾರು? ಮೈಸೂರು ಸಂಸ್ಥಾನದ ಕೃಷಿ ಇಲಾಖೆ. ಮೂರನೆಯದು: ಸರಣಿಯ ಹೆಸರು ಮತ್ತು ಸಂಖ್ಯೆ. ಈ ಬುಲೆಟಿನ್ನನ್ನು ನಂತರದವರು ಉಲ್ಲೇಖಿಸಿದ ಪಟ್ಟಿಗಳನ್ನು ನೋಡಿದರೆ ಸರಣಿಯ ಹೆಸರು ಒಂದೊಂದು ಕಡೆ ಒಂದೊಂದು ಬಗೆಯಲ್ಲಿದೆ. ಒಬ್ಬರು ತಪ್ಪಿದ್ದನ್ನು ಇನ್ನೊಬ್ಬರು ನಕಲು ಮಾಡಿದ್ದಾರೆ, ಮೂಲ ತೆರೆದು ನೋಡಿದವರು ಕಡಿಮೆ. ಮೂಲದ ಮುಖಪುಟ ನೋಡಿದರೆ ಮಾತ್ರ ಸರಿಯಾದದ್ದು ಸಿಗುತ್ತದೆ. ಮೂಲ ಸಿಗದಿದ್ದರೆ ತಾನು ಯಾರ ಮೂಲಕ ಕೋಲ್ಮನ್‌ರನ್ನು ಓದಿದೆ ಎಂಬುದನ್ನು ಪ್ರಾಮಾಣಿಕವಾಗಿ ಬರೆಯಬೇಕು.

ಹುಡುಕುವಾಗ ಇನ್ನೊಂದು ತೊಡಕು. ಕೊಳೆರೋಗದ ಜೀವಿಯನ್ನು ಕೋಲ್ಮನ್ ‘ಫೈಟಾಫ್ತೊರಾ ಆಮ್ನಿವೊರಾ’ದ ‘ಅರೆಕೆ’ ಎಂಬ ಪ್ರಭೇದವೆಂದು ಕರೆದಿದ್ದರು. 1913ರಲ್ಲಿ ಪೆಥಿಬ್ರಿಡ್ಜ್ ಅದನ್ನು ‘ಫೈಟಾಫ್ತೊರಾ ಅರೆಕೆ’ ಎಂಬ ಪ್ರತ್ಯೇಕ ಜಾತಿಯಾಗಿಸಿದರು. ಇತ್ತೀಚಿನ ಲೇಖನಗಳಲ್ಲಿ ‘ಫೈಟಾಫ್ತೊರಾ ಮೀಡಿಯೈ’ ಎಂಬ ಹೆಸರು ಬರುತ್ತದೆ. ಒಂದೇ ಹೆಸರು ಹಿಡಿದು ಹುಡುಕಿದವರಿಗೆ ನೂರು ವರ್ಷದ ಕೆಲಸದಲ್ಲಿ ಒಂದು ತುಂಡು ಮಾತ್ರ ಕಾಣುತ್ತದೆ. ಕಾಫಿಯಲ್ಲೂ ಹೀಗೆಯೇ. ಬೆಳೆಗಾರರು ಎಸ್.795 ಎನ್ನುವ ತಳಿ ಸಂಶೋಧನಾ ಕೇಂದ್ರದ ಪಟ್ಟಿಯಲ್ಲಿ ಸೆಲೆಕ್ಷನ್ 3. ಸಾಫ್ಟ್‌ವೇರಿನಲ್ಲಿ ಟ್ಯಾಗ್ ಹಾಕುವ ಸೌಲಭ್ಯ ಇರುವುದು ಇದಕ್ಕೇ. ಹಳೆಯ ಹೆಸರು, ಹೊಸ ಹೆಸರು, ‘ಕೊಳೆರೋಗ’, ಕಾಫಿಯ ‘ಬಿಳಿ ಕಾಂಡಕೊರಕ’ ಎಂಬ ತೋಟದ ಹೆಸರು, ಎಲ್ಲವನ್ನೂ ಟ್ಯಾಗ್ ಮಾಡಿಟ್ಟರೆ ಆರು ತಿಂಗಳ ನಂತರವೂ ಆ ಲೇಖನ ಕೈಗೆ ಸಿಗುತ್ತದೆ.

ಈ ಯಾವ ತೀರ್ಮಾನವನ್ನೂ ಗುಂಡಿ ಒತ್ತಿ ಪಡೆಯಲಾಗುವುದಿಲ್ಲ. ಇಂಥ ತೀರ್ಮಾನ ಮಾಡಬಲ್ಲ ಸಾಮರ್ಥ್ಯವನ್ನೇ ಗ್ರಂಥಾಲಯ ವಿಜ್ಞಾನದವರು ಮಾಹಿತಿ ಸಾಕ್ಷರತೆ ಎನ್ನುವುದು. ಪಾಲ್ ಜುರ್ಕೋವ್‌ಸ್ಕಿ 1974ರಲ್ಲಿ ಬಳಕೆಗೆ ತಂದ ಮಾತು ಅದು. ಅಮೆರಿಕದ ಕಾಲೇಜು ಮತ್ತು ಸಂಶೋಧನಾ ಗ್ರಂಥಾಲಯಗಳ ಸಂಘ 2016ರಲ್ಲಿ ಅಂಗೀಕರಿಸಿದ ಚೌಕಟ್ಟು ವಿದ್ವತ್ತನ್ನು ಒಂದು ಸಂಭಾಷಣೆ ಎಂದು ನೋಡಲು ಹೇಳುತ್ತದೆ. ಕೋಲ್ಮನ್ ಹೇಳಿದ್ದಕ್ಕೆ ಪೆಥಿಬ್ರಿಡ್ಜ್ ಒಂದು ಮಾತು ಸೇರಿಸಿದರು, ಅದಕ್ಕೆ ಕಾಸರಗೋಡು, ವಿಟ್ಲದ ವಿಜ್ಞಾನಿಗಳು ಇನ್ನಷ್ಟು ಸೇರಿಸಿದರು, ಈಗ ಮೂಡಿಗೆರೆಯ ವಿದ್ಯಾರ್ಥಿನಿ ಬಾಯಿ ತೆರೆಯುತ್ತಿದ್ದಾಳೆ. ಯಾರು ಯಾವಾಗ ಏನೆಂದರು ಎಂಬುದರ ಲೆಕ್ಕ ಇಡದವರು ಆ ಮಾತಿನಲ್ಲಿ ಪಾಲ್ಗೊಳ್ಳುವುದು ಹೇಗೆ?

ಮಾಸ್ತಿಯವರು ‘ಅ’ ಅಕ್ಷರದಡಿ

ಕನ್ನಡದಲ್ಲಿ ಬರೆಯುವವರಿಗೆ ಬೇರೆಯೇ ತಾಪತ್ರಯಗಳಿವೆ. ಈ ಸಾಫ್ಟ್‌ವೇರ್‌ಗಳೆಲ್ಲ ಲೇಖಕನಿಗೆ ಒಂದು ಮೊದಲ ಹೆಸರು, ಒಂದು ಕೊನೆಯ ಹೆಸರು ಇರುತ್ತದೆಂದು ನಂಬಿವೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಎಂದು ತುಂಬಿದರೆ ಪಟ್ಟಿಯಲ್ಲಿ ‘ಅಯ್ಯಂಗಾರ್, ಮಾಸ್ತಿ ವೆಂಕಟೇಶ’ ಎಂದು ಬರುತ್ತದೆ. ‘ಮ’ ಅಕ್ಷರದಲ್ಲಿ ಹುಡುಕುವ ಕನ್ನಡದ ಓದುಗನಿಗೆ ಮಾಸ್ತಿ ಸಿಗುವುದೇ ಇಲ್ಲ. ಕುವೆಂಪು ಎಂದು ತುಂಬಲು ಹೋದರೆ ಎರಡನೇ ಅಂಕಣ ಖಾಲಿ. ನಮ್ಮ ಕಡೆಯ ಎಷ್ಟೋ ಜನರಿಗೆ ಮನೆತನದ ಹೆಸರೇ ಇಲ್ಲ. ಊರು, ತಂದೆಯ ಹೆಸರಿನ ಇನಿಶಿಯಲ್ಲುಗಳಷ್ಟೇ ಮುಂದೆ ಇರುತ್ತವೆ.

ದಾರಿ ಇಲ್ಲದಿಲ್ಲ. ಜೊಟೆರೊದಲ್ಲಿ ಲೇಖಕರ ಹೆಸರಿನ ಪಕ್ಕದ ಸಣ್ಣ ಗುಂಡಿ ಒತ್ತಿದರೆ ಎರಡು ಅಂಕಣಗಳು ಸೇರಿ ಒಂದಾಗುತ್ತವೆ. ಕುವೆಂಪು, ಬೇಂದ್ರೆ ಎಂಬ ಪ್ರಸಿದ್ಧ ಹೆಸರುಗಳನ್ನೂ, ‘ಕೃಷಿ ಇಲಾಖೆ’ ಎಂಬ ಸಂಸ್ಥೆಯ ಹೆಸರನ್ನೂ ಹಾಗೆ ತುಂಬಬೇಕು. ಆದರೆ ಯಾವ ಹೆಸರನ್ನು ಹೇಗೆ ತುಂಬಬೇಕು ಎಂಬ ನಿಯಮವನ್ನು ವಿಭಾಗ, ಮಾರ್ಗದರ್ಶಕರು, ಗ್ರಂಥಪಾಲಕರು ಕೂತು ಮೊದಲೇ ತೀರ್ಮಾನಿಸಿರಬೇಕು. ಇಂಥ ತಲೆನೋವು ಹೊಸದೇನಲ್ಲ. ಭಾರತದ ಗ್ರಂಥಾಲಯ ವಿಜ್ಞಾನದ ಗುರು ಎಸ್.ಆರ್. ರಂಗನಾಥನ್ 1934ರಲ್ಲಿ ‘ಕ್ಲಾಸಿಫೈಡ್ ಕ್ಯಾಟಲಾಗ್ ಕೋಡ್’ ಎಂಬ ಗ್ರಂಥಸೂಚಿ ನಿಯಮಾವಳಿ ತಂದರು. ಅವರ ಹೆಸರಿನ ಎಸ್ ಎಂದರೆ ಹುಟ್ಟಿದೂರು ಶಿಯಾಳಿ, ಆರ್ ಎಂದರೆ ತಂದೆ ರಾಮಾಮೃತ. 1962ರಲ್ಲಿ ಬೆಂಗಳೂರಿನಲ್ಲಿ ಡಿಆರ್‌ಟಿಸಿ ಎಂಬ ತರಬೇತಿ ಕೇಂದ್ರ ಕಟ್ಟಿದವರೂ ಅವರೇ. ಓದುಗನ ಸಮಯ ಉಳಿಸಬೇಕೆಂಬುದು 1931ರಲ್ಲಿ ಅವರು ಕೊಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದು. ಆಕರ ಪಟ್ಟಿಯನ್ನು ಅಚ್ಚುಕಟ್ಟಾಗಿಡಲು ಅದಕ್ಕಿಂತ ಬೇರೆ ಕಾರಣ ಬೇಕೇ?

ಅಕ್ಷರಗಳ ತೊಂದರೆ ಇನ್ನೊಂದು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಪಿಡಿಎಫ್‌ನಿಂದ ಶೀರ್ಷಿಕೆ ನಕಲು ಮಾಡಿ ಅಂಟಿಸಿದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು ಬರುತ್ತದೆ. ಯೂನಿಕೋಡ್‌ನಲ್ಲಿ ಮತ್ತೆ ಟೈಪ್ ಮಾಡದೆ ಗತಿಯಿಲ್ಲ. ಶೈಲಿ ಇಂಗ್ಲಿಷಿನದಾದರೆ ಕನ್ನಡ ಪುಸ್ತಕದ ಲೇಖಕರ ಹೆಸರಿನ ಮುಂದೆಯೂ ‘ಎಟ್ ಆಲ್’ ಎಂದೇ ಬರುತ್ತದೆ. ‘ಮತ್ತು ಇತರರು’ ಎಂದು ಬೇಕಾದರೆ ತಿದ್ದಬೇಕು. ಇಂಗ್ಲಿಷ್ ಮತ್ತು ಕನ್ನಡ ಆಕರಗಳನ್ನು ಬೇರೆ ಬೇರೆ ಪಟ್ಟಿ ಮಾಡುವ ನಮ್ಮ ಕನ್ನಡ ವಿಭಾಗಗಳ ರೂಢಿಯನ್ನು ಸಾಫ್ಟ್‌ವೇರ್ ತಾನಾಗಿ ಪಾಲಿಸುವುದಿಲ್ಲ. ಶೋಧಗಂಗಾ ಜಾಲತಾಣದಿಂದ ಇಳಿಸಿಕೊಂಡ ಪಿಎಚ್.ಡಿ. ಪ್ರಬಂಧಗಳು ಅಧ್ಯಾಯಕ್ಕೊಂದು ಫೈಲಾಗಿ ಬರುತ್ತವೆ. ಅವನ್ನು ಸಂಗ್ರಹಕ್ಕೆ ಹಾಕಿದರೆ ಪ್ರಬಂಧದ ವಿವರ ತಾನಾಗಿ ತುಂಬಿಕೊಳ್ಳುವುದಿಲ್ಲ. ‘ಥೀಸಿಸ್’ ಎಂದು ಒಂದೇ ದಾಖಲೆ ಮಾಡಿ ಫೈಲುಗಳನ್ನು ಅದರಡಿ ಜೋಡಿಸಬೇಕು.

ತೋಟದಲ್ಲಿ ಐವತ್ತು ವರ್ಷ ಕಳೆದ ಹಿರಿಯರೊಬ್ಬರು ಮಳೆ ಮತ್ತು ರೋಗದ ಸಂಬಂಧ ವಿವರಿಸಿದರೆ ಅದೂ ಆಕರವೇ. ಅವರ ಒಪ್ಪಿಗೆ ಪಡೆದು, ದಿನಾಂಕ, ಸ್ಥಳ ಬರೆದು ‘ಸಂದರ್ಶನ’ ಎಂಬ ವಿಭಾಗದಲ್ಲಿ ದಾಖಲಿಸಬಹುದು. ಪುಸ್ತಕದಲ್ಲಿದ್ದದ್ದಕ್ಕೆ ಅಡಿಟಿಪ್ಪಣಿ, ರೈತರ ಬಾಯಲ್ಲಿ ಬಂದದ್ದಕ್ಕೆ ‘ಸ್ಥಳೀಯರ ಪ್ರಕಾರ’ ಎಂಬ ಎರಡು ಪದ, ಈ ತಾರತಮ್ಯ ನಮ್ಮ ಪ್ರಬಂಧಗಳಲ್ಲಿ ಬಹಳ ಕಾಲದಿಂದ ನಡೆದುಬಂದಿದೆ.

ಪಲ್ಪರ್‌ಗೆ ಹಾಕುವ ಮುನ್ನ

ಕಾಫಿ ಕೊಯ್ಲಿನಲ್ಲಿ ಹಸಿರು ಕಾಯಿ, ಒಣಗಿದ ಹಣ್ಣನ್ನು ಸಿಪ್ಪೆ ಸುಲಿಯುವ ಪಲ್ಪರ್‌ಗೆ ಹಾಕುವ ಮೊದಲೇ ಆರಿಸುತ್ತಾರೆ. ಕಣದಲ್ಲಿ ಒಣಗಿದ ಮೇಲೆ ಆರಿಸುತ್ತೇನೆಂದರೆ ಮಾಲು ಕೆಟ್ಟಿರುತ್ತದೆ. ಆಕರಗಳ ವಿಷಯವೂ ಅಷ್ಟೇ. ಸಂಗ್ರಹಕ್ಕೆ ಬರುವಾಗಲೇ ದಾಖಲೆ ತಿದ್ದಬೇಕು. ಮುನ್ನೂರು ಆಕರ ಸೇರಿದ ಮೇಲೆ, ಸಲ್ಲಿಕೆಯ ಹಿಂದಿನ ವಾರ ಕೂತು ತಿದ್ದುತ್ತೇನೆ ಎನ್ನುವವರ ಪಟ್ಟಿಯಲ್ಲಿ ಶೀರ್ಷಿಕೆಗಳೆಲ್ಲ ದೊಡ್ಡ ಅಕ್ಷರದಲ್ಲಿರುತ್ತವೆ, ಜಾಲತಾಣದ ಹೆಸರು ಲೇಖಕನ ಜಾಗದಲ್ಲಿರುತ್ತದೆ, ಪ್ರಕಟಣೆಯ ವರ್ಷದ ಬದಲು ಪುಟ ಏರಿಸಿದ ವರ್ಷ ಇರುತ್ತದೆ, ಒಂದೇ ಲೇಖನ ಮೂರು ಸಲ ಕೂತಿರುತ್ತದೆ. ಸಾಫ್ಟ್‌ವೇರ್ ತಪ್ಪನ್ನೂ ಅಷ್ಟೇ ಅಂದವಾಗಿ ಜೋಡಿಸಿ ಕೊಡುತ್ತದೆ. ನೋಡಲು ಚೆಂದವಿರುವ ಕಾರಣ ತಪ್ಪು ಕಣ್ಣಿಗೆ ಬೀಳುವುದೂ ಕಷ್ಟ.

ಆದ್ದರಿಂದ ಈ ಪಾಠ ಶುರುವಾಗಬೇಕಾದದ್ದು ಪದವಿಯ ಮೊದಲ ವರ್ಷದಲ್ಲಿ. ನಾಲ್ಕು ತರಗತಿ ಸಾಕು. ಮೊದಲನೆಯದರಲ್ಲಿ ಕಂಪ್ಯೂಟರೇ ಬೇಡ. ಹತ್ತಾರು ಪುಸ್ತಕಗಳನ್ನು ಮೇಜಿನ ಮೇಲಿಟ್ಟು ಶೀರ್ಷಿಕೆ ಪುಟ, ಅದರ ಹಿಂಬದಿ ನೋಡಿ ಲೇಖಕ, ಸಂಪಾದಕ, ಅನುವಾದಕ, ಆವೃತ್ತಿ, ಮುದ್ರಣ, ಪ್ರಕಾಶಕ, ವರ್ಷವನ್ನು ಕೈಯಲ್ಲಿ ಬರೆಯಿಸಬೇಕು. ಮೂರನೇ ಆವೃತ್ತಿಗೂ ಮೂರನೇ ಮುದ್ರಣಕ್ಕೂ ಇರುವ ವ್ಯತ್ಯಾಸ ತಿಳಿಯುವುದು ಅಲ್ಲಿಯೇ. ಎರಡನೆಯದರಲ್ಲಿ ಸಾಫ್ಟ್‌ವೇರಿಗೆ ಆಕರ ತರುವ ಬಗೆ. ಮೂರನೆಯದರಲ್ಲಿ ಬೇಕೆಂದೇ ತಪ್ಪು ತುಂಬಿದ ಇಪ್ಪತ್ತು ದಾಖಲೆ ಕೊಟ್ಟು ಮೂಲ ನೋಡಿ ತಿದ್ದಲು ಹೇಳುವುದು. ನಾಲ್ಕನೆಯದರಲ್ಲಿ ಎರಡು ಪುಟ ಬರೆಯಿಸಿ ಉಲ್ಲೇಖ ಹಾಕಿಸುವುದು. ಪರೀಕ್ಷೆಯೂ ಸರಳ: ತಮ್ಮ ಊರಿನ ವಿಷಯವೊಂದರ ಮೇಲೆ ಹದಿನೈದು ಆಕರಗಳ ಪಟ್ಟಿ, ಪ್ರತಿಯೊಂದಕ್ಕೂ ಅದು ಏಕೆ ಬೇಕೆಂದು ಎರಡು ಸಾಲು. ಕಳಸದ ಹುಡುಗನೊಬ್ಬ ಕುದುರೆಮುಖದ ಗಣಿಯ ಬಗ್ಗೆ, ಬಾಳೆಹೊನ್ನೂರಿನ ಹುಡುಗಿಯೊಬ್ಬಳು ಕಾಫಿ ತಳಿಗಳ ಬಗ್ಗೆ ಇಂಥ ಪಟ್ಟಿ ಮಾಡಿಟ್ಟರೆ ಮುಂದಿನ ವರ್ಷದವರಿಗೆ ಅದೇ ಆಸ್ತಿ. ಗುಂಪು ಸಂಗ್ರಹದ ಸೌಲಭ್ಯ ಬಳಸಿದರೆ ಇಡೀ ತರಗತಿ ಒಂದೇ ಪಟ್ಟಿಯನ್ನು ಬೆಳೆಸಬಹುದು.

ಪಾಠದಲ್ಲಿ ಎರಡು ಎಚ್ಚರಿಕೆ ಸೇರಿರಲಿ. ವರ್ಡ್‌ನ ಪ್ಲಗಿನ್‌ನಲ್ಲಿ ‘ಅನ್‌ಲಿಂಕ್ ಸೈಟೇಷನ್ಸ್’ ಎಂಬ ಗುಂಡಿಯಿದೆ. ಒತ್ತಿದರೆ ಉಲ್ಲೇಖಗಳಿಗೂ ಸಂಗ್ರಹಕ್ಕೂ ನಂಟು ಕಡಿದು ಬರೀ ಅಕ್ಷರಗಳಾಗಿ ಉಳಿಯುತ್ತವೆ, ಮತ್ತೆ ಜೋಡಿಸಲಾಗದು. ಅದಕ್ಕೆ ಮುಂಚೆ ಒಂದು ಪ್ರತಿ ಇಟ್ಟುಕೊಳ್ಳಲೇಬೇಕು. ಎರಡನೆಯದು, ಕಾಲೇಜಿನ ಕಂಪ್ಯೂಟರಿನಲ್ಲಿ ಕೂಡಿಟ್ಟದ್ದು ಅದನ್ನು ಫಾರ್ಮ್ಯಾಟ್ ಮಾಡಿದ ದಿನ ಹೋಗುತ್ತದೆ. ಜೊಟೆರೊ ಖಾತೆ ತೆರೆದರೆ ಫೈಲುಗಳಿಗೆ 300 ಎಂಬಿ ಜಾಗ ಉಚಿತ. ಆಕರಗಳ ವಿವರಕ್ಕೆ ಆ ಮಿತಿಯಿಲ್ಲ. ಪಿಡಿಎಫ್‌ಗಳನ್ನು ಪೆನ್‌ಡ್ರೈವ್‌ನಲ್ಲಿಟ್ಟು ವಿವರವನ್ನಷ್ಟೇ ಖಾತೆಗೆ ಕಳಿಸಿದರೆ ದುಡ್ಡಿನ ಪ್ರಶ್ನೆಯೇ ಬಾರದು. ಲ್ಯಾಪ್‌ಟಾಪ್ ಇಲ್ಲದವರಿಗೆ ಮೊಬೈಲ್ ಆ್ಯಪ್ ಇದೆ.

ಯಾವುದನ್ನು ಕಲಿಸಬೇಕು?

ಎಂಡ್‌ನೋಟ್ ದುಡ್ಡು ಕೊಟ್ಟು ಕೊಳ್ಳುವಂಥದು. ಮೆಂಡೆಲಿ ಉಚಿತವಾಗಿ ಸಿಗುತ್ತದೆ. ಆದರೆ 2013ರಿಂದ ಅದು ಎಲ್ಸೆವಿಯರ್ ಎಂಬ ದೊಡ್ಡ ಪ್ರಕಾಶನ ಸಂಸ್ಥೆಯ ಕೈಯಲ್ಲಿದೆ. 2018ರಲ್ಲಿ ಅದರ ದತ್ತಾಂಶ ಗೂಢಲಿಪಿಗೆ ಬದಲಾದಾಗ ಬೇರೆ ಸಾಫ್ಟ್‌ವೇರಿಗೆ ಸಂಗ್ರಹ ಒಯ್ಯುವುದು ಕಷ್ಟವಾಯಿತು. 2022ರಲ್ಲಿ ಹಳೆಯ ಡೆಸ್ಕ್‌ಟಾಪ್ ಆವೃತ್ತಿಯನ್ನು ಹೊಸದಾಗಿ ಇಳಿಸಿಕೊಳ್ಳುವುದನ್ನೂ ನಿಲ್ಲಿಸಲಾಯಿತು. ಹಳ್ಳಿಯ ಕಾಲೇಜಿನ ವಿದ್ಯಾರ್ಥಿ ಓದು ಮುಗಿಸಿ ಹೊರಬಿದ್ದ ಮೇಲೂ ಬಳಸಬೇಕು ಅಂದರೆ ಮುಕ್ತ ತಂತ್ರಾಂಶವೇ ಲೇಸು. ಯಾವುದನ್ನೇ ಕಲಿಸಿದರೂ, ಸಂಗ್ರಹವನ್ನು ಆರ್‌ಐಎಸ್ ಅಥವಾ ಬಿಬ್‌ಟೆಕ್ ರೂಪದಲ್ಲಿ ಹೊರತೆಗೆಯುವುದನ್ನು ಕಲಿಸದೆ ಬಿಡಬಾರದು. ಎಲ್ಲ ಸಾಫ್ಟ್‌ವೇರ್‌ಗಳಿಗೂ ಅರ್ಥವಾಗುವ ರೂಪಗಳು ಅವು.

ಈಗ ಈ ಪಾಠಕ್ಕೆ ಎರಡು ಹೊಸ ತುರ್ತು ಬಂದಿವೆ. ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆಗೆ ಕೇಂದ್ರ ಸರ್ಕಾರ ಮೂರು ವರ್ಷಕ್ಕೆ ₹6,000 ಕೋಟಿ ತೆಗೆದಿರಿಸಿದೆ. 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು 2025ರ ಜನವರಿಯಿಂದ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆದುಕೊಂಡಿವೆ. ಮೊದಲು ಲೇಖನ ಸಿಗುತ್ತಿಲ್ಲ ಎಂಬ ಕೊರಗಿತ್ತು. ಇನ್ನು ಸಿಕ್ಕಿದ್ದನ್ನು ಹೇಗೆ ಇಟ್ಟುಕೊಳ್ಳುವುದು ಎಂಬ ಪ್ರಶ್ನೆ.

ಎರಡನೆಯದು ಕೃತಕ ಬುದ್ಧಿಮತ್ತೆ. ಕೇಳಿದ ಕೂಡಲೇ ಹತ್ತು ಆಕರ ಕೊಡುವ ಚಾಟ್‌ಬಾಟ್‌ಗಳು ಇಲ್ಲದ ಲೇಖನಗಳನ್ನೂ ಇರುವಂತೆಯೇ ಕೊಡುತ್ತವೆ. 2023ರಲ್ಲಿ ನ್ಯೂಯಾರ್ಕಿನ ವಕೀಲರು ಅಂಥ ತೀರ್ಪುಗಳನ್ನು ನ್ಯಾಯಾಲಯದ ಮುಂದಿಟ್ಟು 5,000 ಡಾಲರ್ ದಂಡ ತೆತ್ತರು. ನಮ್ಮ ಬೆಂಗಳೂರಿನಲ್ಲೇ 2024ರ ಡಿಸೆಂಬರ್‌ನಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ ಹೊರಡಿಸಿದ ಆದೇಶವೊಂದರಲ್ಲಿ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳು ಉಲ್ಲೇಖವಾಗಿದ್ದು ಬೆಳಕಿಗೆ ಬಂದು, ಆದೇಶವನ್ನು ಹಿಂಪಡೆಯಬೇಕಾಯಿತು. ಕಪ್ಪುಕೋಟಿನವರಿಗೇ ಹೀಗಾದರೆ ಹತ್ತೊಂಬತ್ತರ ಹುಡುಗರ ಪಾಡೇನು? ಡಿಒಐ ಸಂಖ್ಯೆಯನ್ನು ರೆಫರೆನ್ಸ್ ಮ್ಯಾನೇಜರ್‌ಗೆ ಕೊಟ್ಟು ನೋಡುವ ಅಭ್ಯಾಸವಿದ್ದವರಿಗೆ ಸುಳ್ಳು ಆಕರ ಅಲ್ಲೇ ಸಿಕ್ಕಿಬೀಳುತ್ತದೆ. ಸಂಖ್ಯೆ ತೆರೆಯುವುದಿಲ್ಲ, ಇಲ್ಲವೇ ಬೇರಾವುದೋ ಲೇಖನ ತೆರೆದುಕೊಳ್ಳುತ್ತದೆ. ಪ್ರಕಟವಾಗಿ ಆಮೇಲೆ ಹಿಂಪಡೆದ ಲೇಖನ ನಿಮ್ಮ ಸಂಗ್ರಹದಲ್ಲಿದ್ದರೆ ಜೊಟೆರೊ 2019ರಿಂದ ಅದನ್ನೂ ಕೆಂಪು ಪಟ್ಟಿ ಹಾಕಿ ಎಚ್ಚರಿಸುತ್ತಿದೆ. ಆದರೂ ಲೇಖನ ಇದೆ ಎಂಬುದಷ್ಟೇ ಯಂತ್ರಕ್ಕೆ ಗೊತ್ತು. ನೀವು ಹೇಳುವ ಮಾತು ಅದರಲ್ಲಿದೆಯೇ ಎಂಬುದನ್ನು ತೆರೆದು ಓದಿಯೇ ತಿಳಿಯಬೇಕು.

ಇದಕ್ಕೆಲ್ಲ ಹೊಸ ಕಟ್ಟಡ ಬೇಡ, ಟೆಂಡರ್ ಬೇಡ, ಪರವಾನಗಿ ಶುಲ್ಕವಿಲ್ಲ. ಬೇಕಾದದ್ದು ವೇಳಾಪಟ್ಟಿಯಲ್ಲಿ ನಾಲ್ಕು ಗಂಟೆ, ಪುಸ್ತಕ ಎಣಿಸುವುದರಿಂದ ಬಿಡುವು ಸಿಕ್ಕ ಒಬ್ಬ ಗ್ರಂಥಪಾಲಕರು, ಅವರನ್ನು ಅಧ್ಯಾಪಕರಿಗೆ ಸಮನಾಗಿ ತರಗತಿಗೆ ಕರೆಯುವ ಪ್ರಾಂಶುಪಾಲರು. ಯುಜಿಸಿ ನಿಯಮ 2018ರಲ್ಲೇ ಇದನ್ನು ಕಡ್ಡಾಯ ಮಾಡಿದೆ. ಮಕ್ಕಳನ್ನು ಕಾಲೇಜಿಗೆ ಸೇರಿಸುವ ತಂದೆತಾಯಿಯರು ಹಾಸ್ಟೆಲು, ಬಸ್ಸು, ಫೀಸು ವಿಚಾರಿಸುವಾಗ ‘ನಿಮ್ಮ ಲೈಬ್ರರಿಯಲ್ಲಿ ಈ ಪಾಠ ಇದೆಯೇ?’ ಎಂದು ಒಮ್ಮೆ ಕೇಳಲಿ. ವಿದ್ಯಾರ್ಥಿಗಳು ಕಾಲೇಜು ಕಲಿಸುವವರೆಗೆ ಕಾಯದೆ ಇವತ್ತೇ ಜೊಟೆರೊ ಇಳಿಸಿಕೊಂಡು, ಮೇಜಿನ ಮೇಲಿರುವ ಪುಸ್ತಕ ತೆರೆದು, ಶೀರ್ಷಿಕೆ ಪುಟ ನೋಡಿ ಮೊದಲ ದಾಖಲೆಯನ್ನು ಕೈಯಾರೆ ತುಂಬಲಿ. ಆವೃತ್ತಿಯ ಅಂಕಣವನ್ನು ಮಾತ್ರ ಖಾಲಿ ಬಿಡಬೇಡಿ.